ಹೊರಬೀಡಿನ ದಿನ ಬರ್ಫದ ಗಡ್ಡೆ ಒಡೆದದ್ದು

ಬರ್ಫ ಕರಗುವುದಕ್ಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ಈ ಮಾತನ್ನು ನಾನು ನಮ್ಮ ಡಾಕ್ಟರಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಅವರು ಮೈಸೂರು ಕಡೆಯವರು, ಏಕೀಕರಣವಾದ ಮೇಲೆ ನಮ್ಮ ವಿಜಾಪುರಕ್ಕೆ ವರ್ಗವಾಗಿ ಬಂದವರು. ಬಲು ಸಾಧು ಮನುಷ್ಯ. ಆದರೆ ನಮ್ಮ ಬಿಸಿಲಿನ ಲೆಕ್ಕ ಅವರಿಗೆ ಇನ್ನೂ ಹತ್ತಿರಲಿಲ್ಲ. ಒಮ್ಮೆ ಕುಡಿಯುವ ನೀರಿಗೆ ಒಂದು ಚೂರು ಬರ್ಫ ಕೇಳಿದ್ದರು. ನಾನು ಕೊಡಲಿಲ್ಲ. ಲಸಿಕೆಯ ಉಗ್ರಾಣ ನನ್ನ ಕೈಯಲ್ಲಿತ್ತು, ಬರ್ಫದ ಪೆಟ್ಟಿಗೆಯೂ ನನ್ನ ಕೈಯಲ್ಲಿತ್ತು, ಅದರ ಮುಚ್ಚಳವನ್ನು ನನ್ನ ಹೊರತು ಬೇರೆ ಯಾರೂ ತೆಗೆಯುವಂತಿರಲಿಲ್ಲ. ಇಲಾಖೆಯ ಜೀಪಿನ ಡ್ರೈವರ್ ಇದಕ್ಕಾಗಿಯೇ ನನಗೆ ಬರ್ಫದ ಸಾಹೇಬ ಎಂದು ಹೆಸರಿಟ್ಟಿದ್ದ.

ಆ ಬೇಸಿಗೆಯಲ್ಲಿ ಟಿಕೋಟಾ ಕಡೆಯ ಹಳ್ಳಿಗಳಲ್ಲಿ ಸಿಡುಬು ಕಾಣಿಸಿಕೊಂಡಿತು. ಆಗ ನಮಗೆ ಬರುತ್ತಿದ್ದ ಲಸಿಕೆ ಪುಡಿಯಲ್ಲ, ಕೂದಲೆಳೆಯಂಥ ಗಾಜಿನ ನಳಿಗೆಗಳಲ್ಲಿ ತುಂಬಿದ ದ್ರವ. ತಂಪಿನಲ್ಲಿದ್ದರೆ ಜೀವ ಹಿಡಿದುಕೊಂಡಿರುತ್ತದೆ, ಕಾವು ತಗುಲಿದರೆ ಸಾಯುತ್ತದೆ. ಸತ್ತದ್ದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಅದರ ದೊಡ್ಡ ಪೀಡೆ. ಬಣ್ಣ ಅದೇ, ನಳಿಗೆ ಅದೇ. ಸತ್ತ ಲಸಿಕೆ ಹಾಕಿಸಿಕೊಂಡವರು ಇನ್ನು ಭಯವಿಲ್ಲವೆಂದು ರೋಗಿಯ ಮಗ್ಗುಲಲ್ಲೇ ಕೂರುತ್ತಾರೆ. ಹಾಕಿದ ಒಂದು ವಾರದ ಮೇಲೆ ತೋಳಿನಲ್ಲಿ ಗುಳ್ಳೆ ಎದ್ದರೆ ಮಾತ್ರ ಅದು ಹತ್ತಿತು ಎಂದು ಅರ್ಥ.

ಹಾಗಾಗಿ ನನ್ನ ಕೆಲಸವೆಲ್ಲ ಸೊಲ್ಲಾಪುರ ರಸ್ತೆಯಲ್ಲೇ ಶುರುವಾಗುತ್ತಿತ್ತು. ಅಲ್ಲಿ ಬರ್ಫದ ಕಾರ್ಖಾನೆಯಿಂದ ಇಡೀ ಗಡ್ಡೆ, ಕಟ್ಟಿಗೆ ಅಡ್ಡೆಯಿಂದ ಗರಗಸದ ಹೊಟ್ಟು. ಹಲಗೆಯ ಪೆಟ್ಟಿಗೆ, ಒಳಗೆ ತಗಡಿನ ಇನ್ನೊಂದು ಪೆಟ್ಟಿಗೆ, ಎರಡರ ನಡುವೆ ಹೊಟ್ಟು ಒತ್ತಿ ತುಂಬಿ, ಮೇಲೆ ಹಸಿ ಗೋಣಿ, ಅದರ ಮೇಲೆ ಕಂಬಳಿ. ಇಡೀ ಗಡ್ಡೆಯಾದರೆ ಎರಡು ದಿನ ತಾಳುತ್ತದೆ. ಒಡೆದ ಗಡ್ಡೆ ಸಂಜೆಯವರೆಗೆ ತಾಳಿದರೆ ಪುಣ್ಯ. ಒಡೆಯಬಾರದು ಎನ್ನುವುದು ನನ್ನ ಮೊದಲ ನಿಯಮ, ಮುಚ್ಚಳ ತೆರೆಯಬಾರದು ಎನ್ನುವುದು ಎರಡನೆಯದು.

ಈ ಸಲ ನನಗೆ ನಿದ್ದೆ ಹತ್ತದ ಕಾರಣ ಬೇರೆಯೇ ಇತ್ತು. ಸಿಡುಬು ಬಿದ್ದ ಹಳ್ಳಿಗಳಲ್ಲಿ ಕಳ್ಳಕವಟಗಿಯೂ ಒಂದು. ನಮ್ಮ ಅಕ್ಕನನ್ನು ಕೊಟ್ಟ ಊರು ಅದು. ಅಕ್ಕನ ಎರಡು ಕೂಸುಗಳು ಹುಟ್ಟಿ ಉಳಿದಿರಲಿಲ್ಲ. ಮೂರನೆಯದು ಹೆಣ್ಣು, ಆಗಷ್ಟೇ ಕುತ್ತಿಗೆ ನಿಲ್ಲಿಸಿ ಮಗ್ಗಲು ಹೊರಳುತ್ತಿತ್ತು. ಅಕ್ಕನ ಅತ್ತೆ ಊರ ದೇವಿಯ ಪೂಜಾರಿ. ಕೂಸು ದೇವಿಯ ವರ, ಅದರ ಮೈಗೆ ಸರಕಾರದವರು ಕೈ ಹಚ್ಚುವುದು ಬೇಡ ಎಂದು, ಮೊದಲು ಹೋಗಿದ್ದ ನಮ್ಮ ಸಿಬ್ಬಂದಿಯನ್ನು ಆಕೆ ಬಾಗಿಲಿನಿಂದಲೇ ಕಳಿಸಿದ್ದಳು. ಆಕೆ ಬೇಡವೆಂದರೆ ಊರೂ ಬೇಡವೆಂದಂತೆ. ಸಿಬ್ಬಂದಿಯವರು ಹಾಗೇ ತಿರುಗಿ ಬಂದಿದ್ದರು.

ಮತ್ತೆ ಲಸಿಕೆ ಬಂದಾಗ ಡಾಕ್ಟರು ಯಾವ ದಿನ ಹೋಗೋಣವೆಂದು ನನ್ನನ್ನೇ ಕೇಳಿದರು. ನಾನು ದೊಡ್ಡ ತಿಳಿದವನ ಹಾಗೆ ಹೇಳಿದೆ. "ಮಂಗಳವಾರ ಹೋಗೂಣ್ರಿ. ಬ್ಯಾನಿ ಬಂದಾಗಿಂದ ಆ ಊರವರು ವಾರ ಹಿಡದಾರ. ದೇವಿ ಹೆಸರಲೆ ಮಂಗಳವಾರ ಯಾರೂ ಹೊಲಕ್ಕ ಹೋಗೂದಿಲ್ಲ, ಎತ್ತಿನ ಹೆಗಲಮ್ಯಾಲ ನೊಗಾ ಇಡೂದಿಲ್ಲ. ಎಲ್ಲಾರೂ ಮನ್ಯಾಗ ಸಿಗತಾರ."

ಡಾಕ್ಟರಿಗೆ ಬಹಳ ಸಂತೋಷವಾಯಿತು. "ಇದೇ ನೋಡಿ, ಊರಿನವರು ಜೊತೇಲಿರಬೇಕು ಅನ್ನೋದು" ಎಂದರು. ನಾನೂ ಉಬ್ಬಿದೆ.

ಆ ಮಂಗಳವಾರ ಬಿಸಿಲು ಏರುವ ಮುನ್ನ ವಿಜಾಪುರ ಬಿಟ್ಟೆವು. ಟಿಕೋಟಾದಲ್ಲಿ ಲಸಿಕೆ ಹಾಕುವ ಇಬ್ಬರು ಜೀಪು ಹತ್ತಿದರು. ಅಲ್ಲೇ ಪೆಟ್ಟಿಗೆಯ ಕೆಳಗಿನ ಬಿರಡೆ ತೆಗೆದು ಕರಗಿದ ನೀರು ಬಸಿದೆ. ನೀರು ಸ್ವಲ್ಪವೇ ಬಂತು. ಗಡ್ಡೆ ಗಟ್ಟಿಯಾಗಿತ್ತು. ಮರುದಿನ ಬಬಲೇಶ್ವರದ ಆಚೆ ಮಮದಾಪುರಕ್ಕೆ ಹೋಗಬೇಕಿತ್ತು, ಅಲ್ಲಿಗೂ ಇದೇ ಗಡ್ಡೆ ಸಾಕೆಂದು ಡಾಕ್ಟರಿಗೆ ಧೈರ್ಯ ಹೇಳಿದೆ.

ಕಳ್ಳಕವಟಗಿಯ ಊರಬಾಗಿಲಿಗೆ, ಅಂದರೆ ಅಗಸಿಗೆ, ಜಾಲಿ ಮುಳ್ಳು ಜಡಿದಿತ್ತು. ಮೇಲೆ ಬೇವಿನ ತೋರಣ. ಒಳಗೆ ಒಂದು ನಾಯಿಯೂ ಬೊಗಳಲಿಲ್ಲ, ಒಂದು ಒಲೆಯ ಹೊಗೆಯೂ ಏಳಲಿಲ್ಲ.

"ಎಲ್ಲರೂ ಮನೇಲಿರ್ತಾರೆ ಅಂದ್ರಲ್ಲ ನೀವು?" ಎಂದರು ಡಾಕ್ಟರು.

ಡ್ರೈವರ್ ನನಗಿಂತ ಮೊದಲೇ ಉತ್ತರ ಕೊಟ್ಟ. "ಮನಿ ಏನೋ ಅದಾವ್ರಿ ಸಾಹೇಬ್ರ. ಮಂದಿ ಇಲ್ಲ ಅಷ್ಟ."

ನನ್ನ ಮುಖ ಹುಳ್ಳಗಾಯಿತು. ಅಗಸಿಯ ಹೊರಗಿನ ಕೇರಿಯಿಂದ ಒಬ್ಬ ಗೌಂಡಿ ಕೈಯ ಸುಣ್ಣ ಒರೆಸಿಕೊಳ್ಳುತ್ತ ಬಂದ.

"ಯಾರನ್ನ ನೋಡಾಕ ಬಂದೀರಿ? ಊರಾಗ ಯಾರೂ ಇಲ್ರಿ, ಇವತ್ತ ಹೊರಬೀಡು. ನಸಿಕಿನ್ಯಾಗನ ಬಾಗಿಲಾ ಹಾಕ್ಕೊಂಡು ಹಳ್ಳದ ದಂಡಿಗೆ ಹೋಗ್ಯಾರ. ಅಲ್ಲೇ ಅಡಿಗಿ, ಅಲ್ಲೇ ಊಟ. ಹೊತ್ತು ಮುಣಗೂ ಮುಂದ ದೇವಿನ್ನ ಗಡಿ ದಾಟಿಸಿ ಬರತಾರ."

ಐದು ವಾರ ಹಿಡಿದ ಊರು ಕಡೆಯ ವಾರ ಹೊರಬೀಡು ಬಿಡುತ್ತದೆ ಎನ್ನುವುದು ನಮ್ಮ ಕಡೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ವಾರ ಹಿಡಿದದ್ದು ನೆನಪಿಟ್ಟುಕೊಂಡೆ, ಅದು ಮುಗಿಯುವ ರೀತಿ ಮರೆತೆ. ಬ್ಯಾಂಡು ಹೇಳಿ ಮದುವೆ ಗಂಡನ್ನೇ ಮರೆತಂತಾಯಿತು ನನ್ನ ಜಾಣತನ.

"ಮತ್ತ ನೀವು ಹೋಗಿಲ್ಲಲ್ಲ?" ಎಂದು ಗೌಂಡಿಯನ್ನು ಕೇಳಿದೆ.

"ನಮ್ಮ ಕೇರಿ ಮೊದಲಿಂದನೂ ಊರ ಹೊರಗ ಐತ್ರಿ" ಎಂದ ಅವನು. "ಇನ್ನೂ ಎಷ್ಟಂತ ಹೊರಗ ಹೋಗೂಣು? ಈಗಂತೂ ನಾವು ಬುದ್ಧನ ಹಾದಿ ಹಿಡದೇವಿ. ವಾರಾನೂ ಇಲ್ಲ, ಹೊರಬೀಡೂ ಇಲ್ಲ. ಬಂದದ್ದ ಬಂದೀರಿ, ಇವತ್ತರೆ ಮೊದಲ ನಮಗ ಹಾಕ್ರಿ. ಯಾವತ್ತಿದ್ರೂ ಎಲ್ಲಾದರಾಗೂ ನಾವು ಕಡೀಕೆ ನಿಂತೇವಿ."

ಡಾಕ್ಟರು ಅಂಗಿಯ ತೋಳು ಮಡಚಿ ಜೀಪಿನಿಂದ ಕೆಳಗಿಳಿದರು. ಗೌಂಡಿ ತಾನೇ ಮೊದಲು ತೋಳು ಕೊಟ್ಟ. ಲಸಿಕೆಯ ಒಂದು ಹನಿ ತೋಳಿನ ಮೇಲೆ ಬಿಟ್ಟು, ಹಲ್ಲುಗಳಿರುವ ಸಣ್ಣ ಬಿಲ್ಲೆಯನ್ನು ಅದರ ಮೇಲಿಟ್ಟು ತಿರುಗಿಸಿದರೆ ಚರ್ಮ ಗೀರಿ ಹನಿ ಒಳಗಿಳಿಯುತ್ತದೆ. ಒಬ್ಬರಿಗೆ ಬಳಸಿದ ಬಿಲ್ಲೆಯನ್ನು ಇನ್ನೊಬ್ಬರಿಗೆ ಬಳಸುವ ಮೊದಲು ಕುದಿಸಬೇಕು, ಕುದಿಸಿದ್ದು ಆರಬೇಕು, ಇಲ್ಲವಾದರೆ ಬಿಲ್ಲೆಯ ಬಿಸಿಗೇ ಲಸಿಕೆ ಸಾಯುತ್ತದೆ. ಕೇರಿಯ ಕೂಸು ಮುದುಕರಾದಿಯಾಗಿ ಎಲ್ಲರಿಗೂ ಹಾಕಿ ಮುಗಿಸಿದೆವು. ಅಷ್ಟಕ್ಕೇ ಬಿಲ್ಲೆ ಕುದಿಸುವ ದೀಪದ ಸ್ಪಿರಿಟ್ ಅರ್ಧಕ್ಕಿಳಿದಿತ್ತು.

ಅಗಸಿ ನೋಡುತ್ತ ನಿಂತಿದ್ದ ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು. ಊರಿಗೆ ಒಳಬರಲು ಇದೊಂದೇ ದಾರಿ. ಸಂಜೆ ಎಲ್ಲರೂ ಇಲ್ಲಿಂದಲೇ ಬರಬೇಕು. ಬಿಸಿಲೂ ಇಳಿದಿರುತ್ತದೆ. ಅಗಸಿಯಲ್ಲೇ ಕೂತು ಒಬ್ಬೊಬ್ಬರಿಗೂ ಹಾಕಿ ಒಳಗೆ ಬಿಡೋಣ ಎಂದರು. ನನಗೂ ಇದು ಬಹಳ ಸರಿಯೆನಿಸಿತು. ಗಡ್ಡೆ ಒಡೆಯಬೇಕಿಲ್ಲ, ಪೆಟ್ಟಿಗೆ ಒಂದೇ ಕಡೆ ಇರುತ್ತದೆ. ಊರಗೌಡರಿಗೆ ಒಂದು ಮಾತು ಹೇಳಿ ಬರಲು ಹಳ್ಳದ ಕಡೆ ಹೋದೆವು.

ಹಳ್ಳದ ದಂಡೆಯ ಹುಣಸೆ ತೋಪಿನಲ್ಲಿ ಊರಿಗೆ ಊರೇ ಕೂತಿತ್ತು. ಮೂರು ಮೂರು ಕಲ್ಲಿಟ್ಟು ಮನೆಗೊಂದು ಒಲೆ. ಒಂದು ಓಣಿಯವರದೆಲ್ಲ ಒಂದು ಸಾಲು, ಊರಲ್ಲಿ ಯಾರ ಮಗ್ಗುಲಿಗೆ ಯಾರೋ ಇಲ್ಲೂ ಹಾಗೆಯೇ. ಸಿಡುಬು ಎದ್ದವರನ್ನು ಹಳ್ಳದ ಆಚೆ ದೂರದ ಗುಡಿಸಲಲ್ಲಿ ಬೇರೆಯಾಗಿ ಇಟ್ಟಿದ್ದರು. ಸಾಲುಗಳ ಕೊನೆಗೆ ಬೇವಿನ ಸೊಪ್ಪು ತುಂಬಿದ ಬುಟ್ಟಿ, ಅದರಲ್ಲಿ ದೇವಿ. ಬುಟ್ಟಿಯ ಪಕ್ಕದ ಒಲೆಯೇ ಅಕ್ಕನ ಮನೆಯದು. ಅಕ್ಕ ನನ್ನನ್ನು ನೋಡಿ ಎದ್ದು ನಿಂತಳು, ಅತ್ತೆಯನ್ನು ನೋಡಿ ಮತ್ತೆ ಕೂತಳು. ಕೂಸು ಅವಳ ತೊಡೆಯ ಮೇಲೆ ಕೈ ಬಡಿಯುತ್ತಿತ್ತು.

ಗೌಡರು ಎಲ್ಲ ಕೇಳಿಸಿಕೊಂಡು ತಲೆ ತುರಿಸಿಕೊಂಡರು. "ನನ್ನದೇನೂ ತಕರಾರ ಇಲ್ರಿ. ಆದರ ಇವತ್ತಿನ ದಿನ ನನ್ನ ಮಾತ ನಡಿಯೂದಿಲ್ಲ. ಆ ಮುದುಕೀನ ಕೇಳ್ರಿ."

ಅಕ್ಕನ ಅತ್ತೆ ಕೂತಲ್ಲಿಂದ ಏಳಲಿಲ್ಲ. "ಬರ್ರಿ ಬೀಗರ" ಎಂದು ನನಗೆ ಗೋಣಿಚೀಲ ತೋರಿಸಿ, ಡಾಕ್ಟರಿಗೆ ನೇರವಾಗಿ ಕೇಳಿದಳು. "ನೀವು ಹಾಕಿದ ಮ್ಯಾಲ ತೋಳಮ್ಯಾಲ ಗುಳ್ಳಿ ಏಳತೈತಿ, ಹೌದಿಲ್ಲೊ?"

"ಹೌದು ತಾಯಿ" ಎಂದರು ಡಾಕ್ಟರು.

"ಅದು ಆಕೀದ ಗುಳ್ಳಿ ಹೌದಿಲ್ಲೊ?" ಮುದುಕಿ ದೇವಿಯ ಬುಟ್ಟಿಯ ಕಡೆ ಕೈ ಮಾಡಿದಳು.

ಸುಳ್ಳು ಹೇಳಲು ಬಾರದ ಡಾಕ್ಟರು ಸ್ವಲ್ಪ ಯೋಚಿಸಿ, ಅದೇ ಜಾತಿಯದು, ಸಣ್ಣದು, ಕೊಲ್ಲುವುದಿಲ್ಲ ಎಂದರು.

"ಮತ್ತ ಇವತ್ತ ಇಡೀ ದಿನಾ ಊರ ಬಿಟ್ಟು ಹೊರಗ ಕುಂತು, ಆಕೀಗೆ ಎಡಿ ಹಿಡದು, ಗಡಿ ದಾಟಿಸಿ, ಹಿಂದ ತಿರುಗಿ ನೋಡಲಾರದ ಬರತೇವಿ. ಅಗಸ್ಯಾಗ ಕಾಲಿಡೂದ್ರಾಗ ನೀವು ಆಕೀನ್ನ ಮತ್ತ ನಮ್ಮ ಮೈಯಾಗ ಹಾಕಿ ಒಳಗ ಕಳಸತೀರಿ? ಕಳಿಸಿದಾಕೀನ್ನ ಬಾಗಲಾಗ ನಿಂತು ಕರದಂಗ ಆಗೂದಿಲ್ಲೇನು? ಒಲ್ಲೆ. ಅಗಸ್ಯಾಗ ಕುಂತ್ರ ಒಬ್ಬರೂ ತೋಳ ಕೊಡೂದಿಲ್ಲ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಡಾಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಅಕ್ಕನ ಎರಡು ಕೂಸುಗಳನ್ನು ಮಣ್ಣಿಗಿಟ್ಟವನು ನಾನು. ಮೂರನೆಯದು ಎದುರಿಗೇ ಆಡುತ್ತಿದೆ, ಅದರ ಜೀವ ಕಾಯುವ ಮದ್ದು ಜೀಪಿನಲ್ಲಿದೆ, ಸುಮ್ಮನೆ ತಿರುಗಿ ಹೋಗು ಎಂದರೆ ಹೇಗೆ ಹೋಗಲಿ?

"ಯವ್ವಾ, ಈ ಕೂಸಿಗೆ ಏನರೆ ಆದ್ರ ನಾ ಮತ್ತ ನಿಮ್ಮ ಮನಿ ಹೊಸ್ತಿಲಾ ತುಳಿಯೂದಿಲ್ಲ" ಎಂದೆ.

"ಏನೂ ಆಗಬಾರದಂತನ ನಾನೂ ಉಪಾಸ ಇದ್ದೇನಿ, ಯಪ್ಪಾ" ಎಂದಳು ಅವಳು. ದನಿ ಏರಿಸಲಿಲ್ಲ. ಕೂಸಿನ ಕಡೆ ನೋಡಿದ ಅವಳ ಕಣ್ಣಲ್ಲಿ ನನ್ನ ಭಯವೇ ಇತ್ತು.

ಆಗ ನನ್ನ ಸಿಟ್ಟು ಇಳಿಯಿತು, ತಲೆಗೆ ಬುದ್ಧಿ ಬಂತು. ಅವಳು ಬೇಡವೆಂದದ್ದು ಲಸಿಕೆಯನ್ನಲ್ಲ, ಕಳಿಸಿದ ಮೇಲೆ ಕರೆಯುವುದನ್ನು.

"ಯವ್ವಾ, ಗಡಿ ದಾಟಿದ ಮ್ಯಾಲ ಬ್ಯಾಡ. ದಾಟೂಕಿಂತ ಮೊದಲ, ಇಲ್ಲೇ, ಈಗ ಹಾಕಿದ್ರ?"

ಅವಳು ಬುಟ್ಟಿಯ ಕಡೆ ತಿರುಗಿ ಬೇವಿನ ಎಲೆಗಳನ್ನು ಸರಿಮಾಡಿದಳು. ಕೊನೆಗೆ, "ಮಗಳನ್ನ ಕಳಸೂ ಮುಂದ ಉಡಿ ತುಂಬಿ ಕಳಸತೇವಿ. ಈಕೀನೂ ತನ್ನ ಗುರುತ ಮೈಮ್ಯಾಲ ಬಿಟ್ಟು, ಸಮಾಧಾನದ್ಲೆ ಹೋಗಲಿ. ದೇವಿನ್ನ ಎತ್ತಾಕ ಹಲಗಿ ಬಡಿಯೂಕಿಂತ ಮೊದಲ ಏನ್ ಮಾಡತೀರಿ ಮಾಡ್ರಿ. ಬಡದ ಮ್ಯಾಲ ಒಬ್ಬರಿಗೂ ಮುಟ್ಟಂಗಿಲ್ಲ" ಎಂದಳು.

ಗೌಡರು ಆಗಲೇ ಎದ್ದು ನಿಂತು ಕೂಗಿ ಹೇಳತೊಡಗಿದ್ದರು. ನಾನು ಮಾತ್ರ ಹುಣಸೆಯ ನೆರಳು ನೋಡುತ್ತಿದ್ದೆ. ನಡುಮಧ್ಯಾಹ್ನ. ಅಗಸಿಯಲ್ಲಾದರೆ ಒಂದು ಪೆಟ್ಟಿಗೆ ಸಾಕಿತ್ತು. ಇಲ್ಲಿ ತೋಪಿನ ಉದ್ದಕ್ಕೂ ಚೆಲ್ಲಿದ ಸಾಲುಗಳು, ಹಾಕುವವರು ಡಾಕ್ಟರು ಸೇರಿ ಮೂವರು. ಪ್ರತಿ ಒಲೆಗೂ ಒಂದೊಂದು ನಳಿಗೆಗಾಗಿ ಪೆಟ್ಟಿಗೆಯ ತನಕ ಓಡುತ್ತ, ಮುಚ್ಚಳ ತೆಗೆಯುತ್ತ ಇದ್ದರೆ ಹೊತ್ತೂ ಮುಗಿಯುತ್ತದೆ, ತಂಪೂ ಹೋಗುತ್ತದೆ. ಒಬ್ಬೊಬ್ಬರ ಮಗ್ಗುಲಿಗೂ ಬರ್ಫ ಬೇಕು. ಅಂದರೆ ಗಡ್ಡೆ ಒಡೆಯಬೇಕು.

"ಒಡೆದರೆ ನಾಳೆ ಮಮದಾಪುರಕ್ಕೆ?" ಎಂದರು ಡಾಕ್ಟರು.

"ಡ್ರೈವರನ್ನ ಈಗಿಂದೀಗ ವಿಜಾಪುರಕ್ಕ ಕಳಸೂಣ್ರಿ, ಹೊಸ ಗಡ್ಡಿ ತರಲಿ. ಅವ ಬರೂತನಕ ನಮಗ ಇದ್ದದ್ದ ಇಷ್ಟ."

"ಸಾಕಾಗದಿದ್ರೆ?"

"ಗೊತ್ತಿಲ್ಲರಿ" ಎಂದೆ. ಬರ್ಫದ ವಿಷಯದಲ್ಲಿ ಅವರಿಗೆ ನಾನು ಕೊಟ್ಟ ಅಂಥ ಉತ್ತರ ಅದೊಂದೇ.

ಪೆಟ್ಟಿಗೆ ಇಳಿಸಿಕೊಂಡು ಜೀಪು ಕಳಿಸಿದೆ. ಕೊಡಲಿಯ ಹಿಂಬದಿಯಿಂದ ಗಡ್ಡೆಗೆ ಹೊಡೆದಾಗ ನನ್ನ ಕೈಗೇ ಪೆಟ್ಟು ಬಿದ್ದಂತಾಯಿತು. ಹೆಣ್ಣುಮಕ್ಕಳು ಹೊಸ ಮಣ್ಣಿನ ಗಡಿಗೆಗಳನ್ನು ತಂದುಕೊಟ್ಟರು. ಹೊರಬೀಡಿಗೆಂದು ಅಂದೇ ನೀರು ತುಂಬಿಸಿ ತಂದ ಗಡಿಗೆಗಳು, ಮೈಯೆಲ್ಲ ನೀರು ಜಿನುಗುತ್ತಿತ್ತು. ನೀರು ಚೆಲ್ಲಿ, ಗಡಿಗೆಯೊಳಗೆ ಬರ್ಫದ ಚೂರು, ಚೂರಿನ ನಡುವೆ ನಳಿಗೆಗಳ ಡಬ್ಬಿ, ಬಾಯಿಗೆ ಹಸಿ ಬಟ್ಟೆ, ಸುತ್ತ ಹೊಟ್ಟು. ಹಾಕುವವರು ಮೂವರಿಗೂ ಒಂದೊಂದು ಗಡಿಗೆ. ಒಂದು ಸಲಕ್ಕೆ ಒಂದೇ ನಳಿಗೆ ತೆಗೆಯಬೇಕು, ಬಟ್ಟೆ ಮುಚ್ಚದೆ ಕೈ ಎತ್ತಬಾರದು ಎಂದು ಮೂವರಿಗೂ ತಾಕೀತು ಮಾಡಿದೆ. ಡಾಕ್ಟರಿಗೂ ಮಾಡಿದೆ.

ಸ್ಪಿರಿಟ್ಟಿನ ಚಿಂತೆ ಅಲ್ಲಿ ಉಳಿಯಲೇ ಇಲ್ಲ. ಎಲ್ಲಿ ಹೋದರೂ ಉರಿಯುವ ಒಲೆ, ಕುದಿಯುವ ನೀರು. ಒಂದು ಒಲೆಯ ಮೇಲೆ ಬಿಲ್ಲೆಗಳು ಕುದಿಯುತ್ತಿದ್ದರೆ, ಹಿಂದಿನ ಒಲೆಯಲ್ಲಿ ಕುದಿಸಿದವು ಆರುತ್ತಿದ್ದವು. ಮನೆ ಮನೆ ಅಲೆದು, ಯಾರು ಹೊಲಕ್ಕೆ ಹೋದರು, ಯಾರು ಅಟ್ಟ ಹತ್ತಿ ಅಡಗಿದರು ಎಂದು ಹುಡುಕುವ ನಮಗೆ ಇಂಥ ಅನುಕೂಲ ಎಂದೂ ಸಿಕ್ಕಿರಲಿಲ್ಲ. ಊಟಕ್ಕೆ ಕೂತವರು ಎಡಗೈ ತೋಳು ಕೊಟ್ಟು ಬಲಗೈಯಲ್ಲಿ ಊಟ ಮಾಡುತ್ತಿದ್ದರು. ಯಾರಾದರೂ ಮರದ ಹಿಂದೆ ಸರಿದರೆ ಮಗ್ಗುಲ ಒಲೆಯವರೇ ಹಿಡಿದು ತರುತ್ತಿದ್ದರು. "ಬಾರಲೇ, ಕೊಡಲಿಲೆ ಕಡಿಯೂದಿಲ್ಲ, ಗೀರತಾರಷ್ಟ" ಎಂದು ಒಬ್ಬ ಪೈಲ್ವಾನನನ್ನು ಅವನ ಹೆಂಡತಿಯೇ ದೂಡಿಕೊಂಡು ಬಂದಳು.

ಸೂರ್ಯ ವಾಲಿದಂತೆ ನೆರಳು ಸರಿಯುತ್ತಿತ್ತು, ನಾನು ಗಡಿಗೆಗಳನ್ನು ಅದರ ಹಿಂದೆ ಸರಿಸುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಸಾಲು ಮುಗಿದಾಗ ಒಂದು ಗಡಿಗೆಗೆ ಕೈ ಹಾಕಿ ನೋಡಿದೆ. ಬೆರಳಿಗೆ ಬರ್ಫ ತಾಗಲಿಲ್ಲ, ಬರೀ ತಣ್ಣೀರು. ಬಟ್ಟೆ ತೆರೆದಿಟ್ಟವನಿಗೆ ಮನಸಾರೆ ಬೈದೆ. ಬೈದರೆ ಬರ್ಫ ಹುಟ್ಟುತ್ತದೆಯೇ? ಜೀಪಿನ ಧೂಳು ಎಲ್ಲೂ ಕಾಣುತ್ತಿರಲಿಲ್ಲ.

ನನ್ನ ಪೇಚಾಟ ನೋಡಿ ಅಕ್ಕ ಮೊದಲ ಸಲ ಬಾಯಿಬಿಟ್ಟಳು. "ತಮ್ಮಾ, ವರತ್ಯಾಗ ಇಡಬಾರದೇನು? ನಾವು ಬೆಣ್ಣಿ ಅಲ್ಲೇ ಇಡತೇವಿ."

ಹಳ್ಳ ಒಣಗಿದಾಗ ಉಸುಕು ತೋಡಿ ಕುಡಿಯುವ ನೀರು ತೆಗೆಯುವ ಕುಳಿಗೆ ವರತಿ ಎನ್ನುತ್ತಾರೆ. ದಂಡೆಯ ನೆರಳಿನಲ್ಲಿದ್ದ ವರತಿಯ ಪಕ್ಕದಲ್ಲೇ ಮೊಣಕೈ ಆಳಕ್ಕೆ ತೋಡಿದೆವು. ಕೆಳಗಿನ ಉಸುಕು ಕೈ ಜುಮ್ಮೆನ್ನುವಷ್ಟು ತಂಪಾಗಿತ್ತು. ಉಳಿದ ಬರ್ಫದ ಚೂರುಗಳನ್ನೆಲ್ಲ ಒಂದೇ ಗಡಿಗೆಗೆ ಒಟ್ಟುಗೂಡಿಸಿ, ಎಲ್ಲ ನಳಿಗೆ ಅದರಲ್ಲಿಟ್ಟು, ಗಡಿಗೆಯನ್ನು ಕುತ್ತಿಗೆಯವರೆಗೆ ಹಸಿ ಉಸುಕಿನಲ್ಲಿ ಹೂತೆ. ಈಗ ಓಡಾಟ ಹೆಚ್ಚಾಯಿತು, ಆದರೆ ಚೂರುಗಳು ತಡೆದವು. ನಳಿಗೆಯನ್ನು ಹಸಿ ಅರಿವೆಯಲ್ಲಿ ಸುತ್ತಿ ಗಡಿಗೆಯಿಂದ ಒಲೆಗೆ ನಾನೇ ಓಡಿದೆ. ಎಷ್ಟು ಸಲ ಓಡಿದೆನೋ ದೇವರೇ ಬಲ್ಲ.

ಕಡೆಯ ಸಾಲು ಅಕ್ಕನದು. ಆ ಸಾಲಿನ ನಡುವೆ ಇರುವಾಗಲೇ ಹೊತ್ತು ಕೆಂಪಾಯಿತು. ದೇವಿಯ ಬುಟ್ಟಿಗೆ ಆರತಿ ಆಯಿತು. ಹಲಗೆ ವಾದ್ಯ ಹಿಡಿದವರು ಎದ್ದು ನಿಂತು, ಅದರ ಚರ್ಮ ಬಿಗಿಯಲೆಂದು ಬೆಂಕಿಗೆ ಕಾಯಿಸತೊಡಗಿದರು. ಅಕ್ಕನ ಒಲೆಗೆ ಇನ್ನೂ ಕೆಲವು ಒಲೆ ಬಾಕಿ. ಪೂಜಾರಿಯ ಒಲೆ ಎಲ್ಲದಕ್ಕೂ ಕೊನೆಯದು, ಸಾಲು ಮುರಿದು ಮುಂದೆ ಬಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಹಲಗೆ ಬಡಿದರೆ ಅವಳ ಮಾತಿನಂತೆ ಎಲ್ಲ ಮುಗಿಯಿತು.

ಹಲಗೆಯವನು ಕೋಲು ಎತ್ತಿದ.

"ತಡೀರಿ" ಎಂದಳು ಮುದುಕಿ.

ಎಲ್ಲರೂ ಅವಳ ಕಡೆ ತಿರುಗಿದರು. ಅಕ್ಕನ ತೊಡೆಯಿಂದ ಕೂಸನ್ನು ತಾನೇ ಎತ್ತಿಕೊಂಡಳು. "ನಮ್ಮ ಕೂಸಿಗೆ ಇನ್ನೂ ಆಗಿಲ್ಲ. ದೇವಿಗೇನು ಅವಸರಿಲ್ಲ, ನಿಲ್ಲತಾಳ."

ಹಲಗೆಯ ಕೋಲು ಕೆಳಗಿಳಿಯಿತು. ಉಳಿದ ಒಲೆಗಳಿಗೆಲ್ಲ ಸಾವಕಾಶ ಹಾಕಿದೆವು. ಕಡೆಗೆ ಕೂಸನ್ನು ಮುದುಕಿ ಗಟ್ಟಿಯಾಗಿ ಹಿಡಿದುಕೊಂಡಳು, ಡಾಕ್ಟರು ಬಿಲ್ಲೆ ತಿರುಗಿಸಿದರು. ಅದು ಅತ್ತದ್ದು ಹಳ್ಳದ ಆಚೆಯವರೆಗೂ ಕೇಳಿಸಿರಬೇಕು. ಆಮೇಲೆ ಮುದುಕಿ ತನ್ನ ಸುಕ್ಕು ತೋಳನ್ನೂ ಚಾಚಿದಳು. ಅದಾದ ಮೇಲೆ ಬುಟ್ಟಿ ತಲೆಗೇರಿತು, ಹಲಗೆ ಬಡಿಯಿತು. ನಾನು ಹಳ್ಳದ ಉಸುಕಿನಲ್ಲಿ ಕಾಲು ಚಾಚಿ ಕೂತುಬಿಟ್ಟೆ.

ಅದೇ ಹೊತ್ತಿಗೆ ಜೀಪು ಬಂತು. ದಾರಿಯಲ್ಲಿ ಗಾಲಿಯ ಗಾಳಿ ಹೋಗಿತ್ತಂತೆ. "ಸಾಹೇಬ್ರ, ಎಂಥಾ ಗಡ್ಡಿ ತಂದೇನಿ ನೋಡಬರ್ರಿ" ಎಂದು ಡ್ರೈವರ್ ಹೆಮ್ಮೆಯಿಂದ ಗೋಣಿ ಸರಿಸಿದ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಾನು ಗಡ್ಡೆಯ ಮೂಲೆಯಿಂದ ಒಂದು ಚೂರು ಒಡೆದು ಡಾಕ್ಟರ ಲೋಟಕ್ಕೆ ಹಾಕಿದೆ.

ನಗು ಆಯಿತು, ಮಮದಾಪುರವೂ ಆಯಿತು. ಆದರೆ ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ. ಕಡೆಯ ಸಾಲಿನ ನಳಿಗೆಗಳು ಬದುಕಿದ್ದವೋ ಸತ್ತಿದ್ದವೋ ಯಾರಿಗೆ ಗೊತ್ತು? ಕೂಸಿಗೆ ಹಾಕಿದ್ದು ಎಲ್ಲಕ್ಕಿಂತ ಕಡೆಯ ನಳಿಗೆ.

ಮುಂದಿನ ಮಂಗಳವಾರ ತೋಳು ನೋಡಲು ಹೋದೆವು. ಅಗಸಿಯಲ್ಲಿ ಮುಳ್ಳಿರಲಿಲ್ಲ. ಕೇರಿಯ ಗೌಂಡಿ ದೂರದಿಂದಲೇ ತೋಳು ಎತ್ತಿ ತೋರಿಸಿದ. "ನಂದ ಮೊದಲ ಎದ್ದೈತ್ರಿ. ಊರಿಗೆಲ್ಲಾ ನಾನ ಹಿರಿಯ." ಒಳಗೆ ಓಣಿ ಓಣಿಯಲ್ಲೂ ಜನ ಅಂಗಿಯ ತೋಳು ಮಡಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಪೈಲ್ವಾನನ ಹೆಂಡತಿ ಗಂಡನ ತೋಳು ಹಿಡಿದೆಳೆದು ತೋರಿಸಿದಳು. ಎದ್ದಿತ್ತು. ಮುಂದಿನ ಮನೆಯಲ್ಲೂ ಎದ್ದಿತ್ತು. ಡಾಕ್ಟರ ನಡಿಗೆ ಓಟವಾಯಿತು. ನನ್ನ ನಡಿಗೆ ಮಾತ್ರ ಕಡೆಯ ಓಣಿ ಬಂದಂತೆ ನಿಧಾನವಾಯಿತು.

ಅಕ್ಕನ ಅತ್ತೆ ಹೊಸ್ತಿಲ ಮೇಲೆ ಕೂಸನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದಳು. ತಲೆಯಿಂದ ಇಳಿಬಿದ್ದ ಕುಂಚಿಗೆಯ ಅಡಿಯಲ್ಲಿ ತೋಳು ಮುಚ್ಚಿತ್ತು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು.

ಡಾಕ್ಟರು ಮುಂದೆ ಹೋಗಲಿಲ್ಲ. "ಇದನ್ನ ನೀವೇ ನೋಡಿ" ಎಂದು ನನ್ನ ಬೆನ್ನಿಗೆ ಕೈಯಿಟ್ಟರು.

ಮುದುಕಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಕುಂಚಿಗೆ ಸರಿಸಿದೆ. ಎಳೆಯ ತೋಳಿನ ಮೇಲೆ ಜೋಳದ ಕಾಳಿನಷ್ಟು ದುಂಡಗಿನ ಗುಳ್ಳೆ, ನಡುವೆ ತಗ್ಗು, ಸುತ್ತ ಕೆಂಪು. ಅದಕ್ಕಿಂತ ಚೆಂದದ ಗುಳ್ಳೆಯನ್ನು ನಾನು ನನ್ನ ನೌಕರಿಯಲ್ಲೇ ನೋಡಿರಲಿಲ್ಲ.

"ಅಕ್ಕಾ, ಹತ್ತೈತಿ" ಎಂದೆ.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೂಸು ನನ್ನ ಮೂಗು ಹಿಡಿಯಿತು. ಮುದುಕಿ ಎದ್ದು ಒಳಗೆ ಹೋಗುತ್ತ, "ಒಳಗ ಬರ್ರಿ, ಬರ್ಫದ ಸಾಹೇಬ್ರ, ದೇವಿ ಇದ್ದಷ್ಟು ದಿನಾ ಒಗ್ಗರಣಿ ಹಾಕಿರಲಿಲ್ಲ, ಇವತ್ತ ಒಗ್ಗರಣಿ ಹಾಕಿದ ಅಡಿಗಿ ಐತಿ, ಉಂಡು ಹೋಗ್ರಿ" ಎಂದಳು.

ಆ ಮನೆಯ ಹೊಸ್ತಿಲು ತುಳಿದು ಒಳಗೆ ಹೋಗಿ ಹೊಟ್ಟೆ ತುಂಬ ಉಂಡೆ.